ತಂಬಾಕು ವರ್ಜನ ಮತ್ತು ಅದರ ಫಲಗಳು

ತಂಬಾಕು ವರ್ಜನವೆಂದರೆ ಬೀಡಿ, ಸಿಗರೇಟು, ಚಿಲುಮೆಗಳ ಹೊಗೆಯ ರೂಪದಲ್ಲಾಗಲಿ, ಜಗಿಯುವ ಎಲೆ, ಹಲ್ಲಿಗೆ ತಿಕ್ಕುವ ಪುಡಿ, ಮೂಗಿಗೇರಿಸುವ ನಶ್ಯಗಳ ರೂಪದಲ್ಲಾಗಲಿ ತಂಬಾಕನ್ನು ನಿತ್ಯ ಸೇವಿಸುತ್ತಿದ್ದವರು ಅದನ್ನು ನಿಶ್ಶೇಷವಾಗಿ ತ್ಯಜಿಸುವುದು. ಸೇವನೆಯಿಂದಾಗುವ ಹಾನಿಯ ವಿಷಯ ಇಂದು ಜನರಿಗೆ ಬಹುಮಟ್ಟಿಗೆ ತಿಳಿದದ್ದೇ. ಪೊಟ್ಟಣದ ಮೇಲೆ ಅಚ್ಚಾಗಿರುವ ಚಿತ್ರವೇ ಅದನ್ನು ಸಾರುತ್ತದೆ. ಆದರೆ ಇಪ್ಪತ್ತು ಮೂವತ್ತು ವರ್ಷ ಸೇವಿಸಿದ ತರುವಾಯ ಬಿಟ್ಟರೆ ಆಗುವ ಪ್ರಯೋಜನವೇನು, ಕೆಟ್ಟ ದೇಹ ಎಷ್ಟರಮಟ್ಟಿಗೆ ಸುಧಾರಿಸುತ್ತದೆ, ಯಾವುದು ಮರಳಿ ಬರುತ್ತದೆ, ಯಾವುದು ಮರಳಿ ಬರಲಾರದು ಎಂಬ ಪ್ರಶ್ನೆಗಳ ಉತ್ತರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. "ಆಗೂದೆಲ್ಲಾ ಆಗಿ ಹೋಗೇತಿ, ಇನ್ನ ಬಿಟ್ಟು ಏನ್ ಮಾಡೂದೈತಿ" ಎಂಬ ನಿರಾಶೆಯ ಮಾತು ಉತ್ತರ ಕರ್ನಾಟಕದ ಹಳ್ಳಿಗಳ ಹಿರಿಯರ ಬಾಯಲ್ಲಿ ಗಟ್ಟಿಯಾಗಿ ನಿಂತಿರುವುದಕ್ಕೆ ಈ ಅಜ್ಞಾನವೇ ಕಾರಣ. ವೈದ್ಯಶಾಸ್ತ್ರದ ದೃಷ್ಟಿಯಿಂದ ಆ ಮಾತು ಸರ್ವಥಾ ತಪ್ಪು. ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವುಂಟು, ಬೇಗ ಬಿಟ್ಟಷ್ಟೂ ಲಾಭ ಹೆಚ್ಚು.

ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನಲ್ಲಿ, ದೇಸಗತಿಯ ವಾಡೆಯಿಂದ ಹೆಸರಾದ ಚಚಡಿ ಗ್ರಾಮವನ್ನೂ ಅದರ ಸುತ್ತಣ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಸೀಮೆಯನ್ನೂ ಕಣ್ಣಮುಂದಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ. ಜೋಳ, ಹತ್ತಿ, ಶೇಂಗಾ, ಕಬ್ಬುಗಳನ್ನು ಬೆಳೆಯುವ ಈ ಪ್ರದೇಶ ತಂಬಾಕನ್ನು ಕೊಂಡು ಬಳಸುವ ನಾಡು. ಇದೇ ಜಿಲ್ಲೆಯ ವಾಯವ್ಯ ಮೂಲೆಯಲ್ಲಿರುವ ನಿಪ್ಪಾಣಿಯಾದರೋ ಬೀಡಿ ತಂಬಾಕಿನ ಪೇಟೆಯೆಂದು ದೇಶದಲ್ಲೆಲ್ಲ ಪ್ರಸಿದ್ಧ. ಬೆಳೆಯುವವರು, ವಖಾರಿಗಳಲ್ಲಿ ದುಡಿಯುವವರು, ಸೇವಿಸುವವರು, ಚಿಕಿತ್ಸೆ ಮಾಡುವವರು, ಬಿಡಿಸಹೊರಟ ಸಂನ್ಯಾಸಿಗಳು, ಎಲ್ಲರೂ ಒಂದೇ ಸೀಮೆಯೊಳಗೆ ಇದ್ದಾರೆ.

ಇತಿಹಾಸ ಮತ್ತು ರೂಢಿ

ತಂಬಾಕು ಅಮೆರಿಕ ಖಂಡದ ಸಸ್ಯ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಬಂದು ಪಶ್ಚಿಮ ಕರಾವಳಿಯಿಂದ ದಖ್ಖಣಕ್ಕೆ ಹಬ್ಬಿದ ಈ ಎಲೆಯ ವೃತ್ತಾಂತದಲ್ಲಿ ಕನ್ನಡ ನಾಡಿಗೆ ಒಂದು ವಿಶೇಷ ಸ್ಥಾನವಿದೆ. ಅಕ್ಬರನ ರಾಯಭಾರಿಯಾಗಿ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನಕ್ಕೆ ಬಂದ ಅಸದ್ ಬೇಗನು ಬಿಜಾಪುರದಲ್ಲಿ ತಂಬಾಕನ್ನು ಮೊದಲ ಬಾರಿಗೆ ಕಂಡು, ಬೆರಗಾಗಿ, ಅಲಂಕೃತವಾದ ಕೊಳವೆಯೊಂದರ ಸಮೇತ ಅದನ್ನು ಕೊಂಡೊಯ್ದು ಸುಮಾರು 1604ರಲ್ಲಿ ಬಾದಶಹನಿಗೆ ಅರ್ಪಿಸಿದನೆಂದು ಅವನ ಬರಹದಿಂದಲೇ ತಿಳಿಯುತ್ತದೆ. ಅಕ್ಬರನು ಒಂದೆರಡು ಬಾರಿ ಹೊಗೆಯೆಳೆದನು. ಆದರೆ ಶಾಸ್ತ್ರಗ್ರಂಥಗಳಲ್ಲಿ ಉಲ್ಲೇಖವಿಲ್ಲದ, ಗುಣದೋಷ ಗೊತ್ತಿಲ್ಲದ ಪದಾರ್ಥವನ್ನು ಪ್ರಭುಗಳು ಸೇವಿಸಬಾರದೆಂದು ಆಸ್ಥಾನದ ಹಕೀಮನು ತಡೆದನು. ಆ ವೈದ್ಯನ ಎಚ್ಚರಿಕೆ ಇತರರಿಗೆ ಹಿಡಿಸಲಿಲ್ಲ. ದರಬಾರಿಗರು ಅದನ್ನು ಬಯಸಿದರು, ವ್ಯಾಪಾರಿಗಳು ತರಿಸಿದರು, 1617ರಲ್ಲಿ ಜಹಾಂಗೀರನು ನಿಷೇಧಿಸುವ ಹೊತ್ತಿಗೆ ಅದು ನಿಷೇಧಕ್ಕೆ ಮಣಿಯದಷ್ಟು ಬೇರೂರಿತ್ತು.

ಹೀಗೆ ಬಂದ ವಸ್ತು ಈ ಭಾಗದ ಬದುಕಿನಲ್ಲಿ ಉಪಚಾರದ ಅಂಗವೇ ಆಗಿಹೋಯಿತು. ಸೊಂಟಕ್ಕೆ ಸಿಕ್ಕಿಸಿದ ಚಂಚಿಯ ಗೂಡುಗಳಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಕಾಸಿನೊಡನೆ ತಂಬಾಕಿಗೂ ಒಂದು ಗೂಡು ಮೀಸಲು. ಹೊಲದ ಬದುವಿನ ಮೇಲೆ ಬುತ್ತಿ ಉಂಡು ಕುಳಿತವನು ಚಿಟಿಕೆ ತಂಬಾಕನ್ನು ಎಡ ಅಂಗೈಗೆ ಸುರುವಿಕೊಂಡು, ಉಗುರಿನಂಚಿನಿಂದ ಸುಣ್ಣ ತೆಗೆದು ಸೇರಿಸಿ, ಬಲಗೈ ಹೆಬ್ಬೆರಳಿನಿಂದ ಹದವಾಗಿ ತಿಕ್ಕಿ, ಮೇಲೆ ಎರಡು ಸಲ ತಟ್ಟಿ, ಏಳುವ ಧೂಳನ್ನು ಊದಿ, ಉಳಿದದ್ದನ್ನು ಕೆಳದುಟಿಯ ಸಂದಿಯಲ್ಲಿ ಇಟ್ಟುಕೊಳ್ಳುವ ಕ್ರಮ ನೋಡಿದವರಿಗೆಲ್ಲ ಪರಿಚಿತ. ಪಕ್ಕದಲ್ಲಿ ಕುಳಿತವನ ಮುಂದೆ ಅಂಗೈ ಚಾಚಿದರೆ ಅವನೂ ಅದರಿಂದ ಒಂದು ಚಿಟಿಕೆ ತೆಗೆದುಕೊಳ್ಳಬೇಕು. ಒಲ್ಲೆನೆಂದರೆ ಸಲಿಗೆಗೆ ಕೊರತೆ ಬಂದಂತೆ. ಹೆಂಗಸರಲ್ಲಿ ಕೆಲವರು ತಂಬಾಕನ್ನು ಹಂಚಿನ ಮೇಲೆ ಕರಿದಾಗುವಂತೆ ಹುರಿದು ಪುಡಿಮಾಡಿದ ಮಿಶ್ರಿಯನ್ನು ಬೆಳಗ್ಗೆ ಹಲ್ಲಿಗೆ ತಿಕ್ಕುತ್ತಾರೆ. ಇದನ್ನವರು ಚಟವೆಂದು ತಿಳಿಯುವುದಿಲ್ಲ, ದಂತಶುದ್ಧಿಯೆಂದು ಭಾವಿಸುತ್ತಾರೆ. ಮುದುಕರು ಮೂಗಿಗೇರಿಸುವ ತಪಕೀರು, ಅಂದರೆ ನಶ್ಯ, ಈಗ ವಿರಳವಾಗುತ್ತಿದೆ. ಇವೆಲ್ಲದರೊಡನೆ ಇತ್ತೀಚಿನ ಕೆಲವು ದಶಕಗಳಲ್ಲಿ ಅಡಿಕೆ ಬೆರೆತ ಗುಟ್ಕಾ ಮತ್ತು ಮಾವಾ ಸೇರಿಕೊಂಡು, ಜನರನ್ನು ಬಾಲ್ಯದಲ್ಲಿಯೇ ಹಿಡಿಯತೊಡಗಿವೆ.

ವಯಸ್ಕರನ್ನು ಕುರಿತ ರಾಷ್ಟ್ರೀಯ ಸಮೀಕ್ಷೆಗಳು ಎರಡು ಬಾರಿ ನಡೆದಿವೆ. 2009-10ರಲ್ಲಿ ಭಾರತದ ವಯಸ್ಕರಲ್ಲಿ ಶೇಕಡಾ 34.6ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಸೇವಿಸುತ್ತಿದ್ದರು; 2016-17ರಲ್ಲಿ ಆ ಪ್ರಮಾಣ 28.6ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಅದೇ ಅವಧಿಯಲ್ಲಿ 28.2ರಿಂದ 22.8ಕ್ಕೆ ಇಳಿದಿದೆ. ನಮ್ಮ ರಾಜ್ಯದಲ್ಲಿ ಸೇದುವವರಿಗಿಂತ ಜಗಿಯುವವರ ಸಂಖ್ಯೆ ಬಹಳ ಅಧಿಕ. ಪಾಶ್ಚಾತ್ಯ ದೇಶಗಳ ಗ್ರಂಥಗಳು ವರ್ಜನದ ಫಲವನ್ನು ಪ್ರಾಯಶಃ ಸಿಗರೇಟನ್ನೇ ಕುರಿತು ಹೇಳುವುದರಿಂದ, ಅವುಗಳನ್ನೋದಿದ ಚಚಡಿಯಂಥ ಊರಿನ ವಾಚಕನಿಗೆ ತನ್ನ ಬಾಯಿಯ ವಿಷಯದಲ್ಲಿ ಬೇಕಾದ ಉತ್ತರ ದೊರೆಯದೆ ಹೋಗುವುದುಂಟು.

ಬಿಟ್ಟ ದೇಹದಲ್ಲಿ ನಡೆಯುವುದು

ತಂಬಾಕಿನ ಬಂಧನಕ್ಕೆ ಕಾರಣ ನಿಕೋಟಿನ್ ಎಂಬ ಕ್ಷಾರದ್ರವ್ಯ. ರೋಗಕ್ಕೆ ಕಾರಣ ಬಹುಮಟ್ಟಿಗೆ ಅದರೊಡನೆ ದೇಹವನ್ನು ಹೊಗುವ ಇತರ ವಿಷಗಳು. ಹೊಗೆಯಲ್ಲಿ ಏಳು ಸಾವಿರಕ್ಕೂ ಮಿಕ್ಕ ರಾಸಾಯನಿಕಗಳಿದ್ದು, ಅವುಗಳಲ್ಲಿ ಸುಮಾರು ಎಪ್ಪತ್ತು ಕ್ಯಾನ್ಸರ್ ಜನಕಗಳು. ನಿಕೋಟಿನ್ ಮತ್ತು ಈ ಇತರ ವಿಷಗಳ ಭೇದವನ್ನು ತಿಳಿದರೆ ವರ್ಜನದ ಫಲ ಏಕೆ ಕೆಲವೆಡೆ ಕ್ಷಣಮಾತ್ರದಲ್ಲಿಯೂ ಕೆಲವೆಡೆ ವರ್ಷಗಳ ಮೇಲೆಯೂ ಕಾಣುತ್ತದೆಂಬುದು ಸ್ಪಷ್ಟವಾಗುತ್ತದೆ.

ಕಡೆಯ ಬೀಡಿಯನ್ನು ಆರಿಸಿದ ಇಪ್ಪತ್ತು ನಿಮಿಷಗಳಲ್ಲಿ, ನಿಕೋಟಿನ್ ಏರಿಸಿದ್ದ ನಾಡಿಯ ಬಡಿತವೂ ರಕ್ತದ ಒತ್ತಡವೂ ಇಳಿಯತೊಡಗುತ್ತವೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವು ರಕ್ತದ ಹಿಮೋಗ್ಲೋಬಿನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಆಸಕ್ತಿಯಿಂದ ಹಿಡಿದುಕೊಂಡು, ಪ್ರಾಣವಾಯುವಿಗೆ ಸ್ಥಳವಿಲ್ಲದಂತೆ ಮಾಡಿರುತ್ತದೆ. ಅರ್ಧ ದಿನದಿಂದ ಒಂದು ದಿನದೊಳಗೆ ಅದು ಹೊರಬಿದ್ದು ರಕ್ತ ಸಹಜಸ್ಥಿತಿಗೆ ಬರುತ್ತದೆ. ಕೆಲವೇ ದಿನಗಳಲ್ಲಿ ನಾಲಗೆಗೆ ರುಚಿ, ಮೂಗಿಗೆ ವಾಸನೆ ಮರಳುತ್ತವೆ. ಎರಡು ವಾರಗಳಿಂದ ಮೂರು ತಿಂಗಳೊಳಗೆ ರಕ್ತಸಂಚಾರವೂ ಶ್ವಾಸಕೋಶದ ಕಾರ್ಯವೂ ಉತ್ತಮಗೊಳ್ಳುತ್ತವೆ. ಒಂದರಿಂದ ಒಂಬತ್ತು ತಿಂಗಳ ಅವಧಿಯಲ್ಲಿ ಕೆಮ್ಮು ದಮ್ಮುಗಳು ತಗ್ಗುತ್ತವೆ. ಇಲ್ಲಿ ಒಂದು ಸೂಚನೆ ಅವಶ್ಯಕ: ಹೊಗೆಯಿಂದ ಮರಗಟ್ಟಿದ್ದ ಶ್ವಾಸನಾಳದ ಸೂಕ್ಷ್ಮರೋಮಗಳು ಮತ್ತೆ ಚಲಿಸಿ ಕಫವನ್ನು ಮೇಲಕ್ಕೆ ತಳ್ಳತೊಡಗಿದಾಗ ಕೆಮ್ಮು ಮೊದಲ ಕೆಲವು ವಾರಗಳಲ್ಲಿ ಹೆಚ್ಚಾಗಬಹುದು. ಬೀಡಿ ಬಿಟ್ಟದ್ದರಿಂದಲೇ ಕೆಮ್ಮು ಬಂತೆಂದು ತಿಳಿದು ಮತ್ತೆ ಹಚ್ಚುವವರು ಅನೇಕರು. ಅದು ಗುಣವಾಗುತ್ತಿರುವುದರ ಲಕ್ಷಣವೆಂದು ಅವರಿಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ಮಂದಿಯ ಪ್ರಯತ್ನ ಉಳಿಯುತ್ತಿತ್ತು.

ಹೃದಯಕ್ಕಾಗುವ ಲಾಭ ಶೀಘ್ರವಾದದ್ದು. ಒಂದು ವರ್ಷ ಕಳೆಯುವಷ್ಟರಲ್ಲಿ, ಧೂಮಪಾನದಿಂದ ಹೆಚ್ಚಿದ್ದ ಹೃದ್ರೋಗದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹದಿನೈದು ವರ್ಷಗಳ ತರುವಾಯ ಎಂದೂ ಸೇದದವನ ಮಟ್ಟಕ್ಕೆ ಸಮೀಪಿಸುತ್ತದೆ. ಒಮ್ಮೆ ಹೃದಯಾಘಾತವಾದ ಮೇಲೆ ಬಿಟ್ಟವರಲ್ಲಿ ಮರಣದ ಪ್ರಮಾಣ ಬಿಡದವರಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆಯೆಂದು ಅಧ್ಯಯನಗಳು ತೋರಿಸಿವೆ. ಪಾರ್ಶ್ವವಾಯುವಿನ ಅಪಾಯ ಐದರಿಂದ ಹದಿನೈದು ವರ್ಷಗಳಲ್ಲಿ ಸಾಮಾನ್ಯ ಮಟ್ಟಕ್ಕೆ ಇಳಿಯುತ್ತದೆ. ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹತ್ತು ವರ್ಷಗಳಲ್ಲಿ ಸೇದುತ್ತಲೇ ಇದ್ದವನದರ ಅರ್ಧದಷ್ಟಾಗುತ್ತದೆ, ಆದರೆ ಎಂದೂ ಸೇದದವನ ಸಮಕ್ಕೆ ಬರುವುದಿಲ್ಲ. ಶ್ವಾಸಕೋಶದ ಸವೆತದ ವಿಷಯವೂ ಹೀಗೆಯೇ: ವಯಸ್ಸಿನೊಡನೆ ಎಲ್ಲರಿಗೂ ಕುಗ್ಗುವ ಉಸಿರಿನ ಶಕ್ತಿ ಸೇದುವವನಲ್ಲಿ ಬಹು ವೇಗವಾಗಿ ಕುಗ್ಗುತ್ತದೆ, ಬಿಟ್ಟಮೇಲೆ ಆ ವೇಗ ಸಾಮಾನ್ಯರ ವೇಗಕ್ಕೆ ಇಳಿಯುತ್ತದೆಯೇ ಹೊರತು ಕಳೆದುಹೋದ ಶಕ್ತಿಯೆಲ್ಲ ಮರಳುವುದಿಲ್ಲ. ನಲವತ್ತರಲ್ಲಿ ಬಿಟ್ಟವನು ಎಪ್ಪತ್ತರಲ್ಲಿ ಹೊಲದ ತನಕ ನಡೆದಾನು. ಬಿಡದವನಿಗೆ ಹಾಸಿಗೆಯಿಂದ ಪಡಸಾಲೆಯವರೆಗೆ ಬರುವುದೂ ದುಸ್ತರವಾದೀತು.

ಹಳ್ಳಿಯ ಬೀಡಿಸೇದುವವರಿಗೆ ವಿಶೇಷವಾಗಿ ತಿಳಿಸಬೇಕಾದ ಒಂದು ವ್ಯಾಧಿಯಿದೆ. 1908ರಲ್ಲಿ ಲಿಯೊ ಬರ್ಗರನೆಂಬ ವೈದ್ಯನು ವರ್ಣಿಸಿದ್ದರಿಂದ ಅವನ ಹೆಸರಿನಿಂದಲೇ ಪ್ರಸಿದ್ಧವಾದ ಈ ರೋಗದಲ್ಲಿ ಕೈಕಾಲುಗಳ ಸಣ್ಣ ಹಾಗೂ ಮಧ್ಯಮ ರಕ್ತನಾಳಗಳು ಉರಿಯೂತದಿಂದ ಮುಚ್ಚಿಹೋಗುತ್ತವೆ. ಮೊದಲು ನಡೆಯುವಾಗ ಮೀನಖಂಡದಲ್ಲಿ ನೋವು, ಬಳಿಕ ಕುಳಿತಾಗಲೂ ಬೆರಳುಗಳಲ್ಲಿ ಉರಿ, ಮುಂದೆ ಬೆರಳು ಕಪ್ಪಾಗಿ ಕೊಳೆತು ಕತ್ತರಿಸುವ ಪ್ರಸಂಗ. ಇದಕ್ಕೆ ತುತ್ತಾಗುವವರು ಬಹುತೇಕ ನಲವತ್ತೈದು ವರ್ಷಕ್ಕಿಂತ ಕೆಳಗಿನ, ದುಡಿದು ಮನೆ ನಡೆಸುವ ವಯಸ್ಸಿನ ಗಂಡಸರು. ಔಷಧ, ಶಸ್ತ್ರಚಿಕಿತ್ಸೆಗಳೆಲ್ಲ ಇಲ್ಲಿ ಗೌಣ. ತಂಬಾಕನ್ನು ಪೂರ್ತಿಯಾಗಿ ಬಿಡುವುದೊಂದೇ ನಂಬಬಹುದಾದ ಉಪಾಯ. ಕೊಳೆಯುವಿಕೆ ಆರಂಭವಾಗುವ ಮೊದಲೇ ಬಿಟ್ಟವರಿಗೆ ಅಂಗಚ್ಛೇದನದ ಪ್ರಸಂಗ ಬರುವುದು ಅತಿ ವಿರಳ, ದಿನಕ್ಕೆ ಒಂದೆರಡು ಮಾತ್ರ ಸೇದುತ್ತ ಹೋದವರಲ್ಲಿಯೂ ರೋಗ ಮುಂದುವರಿಯುತ್ತದೆ. ವರ್ಜನದ ಫಲವನ್ನು ಇಷ್ಟು ಪ್ರತ್ಯಕ್ಷವಾಗಿ ತೋರಿಸುವ ಬೇರೊಂದು ರೋಗ ಕಾಣದು.

ಕ್ಷಯರೋಗಕ್ಕೂ ಹೊಗೆಗೂ ಇರುವ ಸಂಬಂಧವನ್ನು ನಮ್ಮ ದೇಶದ ಸಂಶೋಧನೆಯೇ ಎತ್ತಿ ತೋರಿಸಿತು. ತಮಿಳುನಾಡಿನ ನಗರ ಗ್ರಾಮಗಳ ಸಾವಿರಾರು ಮರಣಗಳನ್ನು ವಿಚಾರಿಸಿ 2003ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಸೇದುವ ಗಂಡಸರು ಕ್ಷಯದಿಂದ ಸಾಯುವ ಸಂಭವ ಸೇದದವರಿಗಿಂತ ಸುಮಾರು ನಾಲ್ಕು ಪಟ್ಟು. ಆದಕಾರಣ ಕ್ಷಯದ ಮಾತ್ರೆ ನುಂಗುತ್ತಿರುವವನಿಗೆ ಬೀಡಿ ಬಿಡಿಸುವುದು ಚಿಕಿತ್ಸೆಯ ಒಂದು ಭಾಗವೇ ಆಗಬೇಕು. ಮಧುಮೇಹಿಗಳಿಗೆ, ಶಸ್ತ್ರಚಿಕಿತ್ಸೆಗೆ ಸಿದ್ಧರಾಗುವವರಿಗೆ ಸಹ ಲಾಭವುಂಟು. ಶಸ್ತ್ರಚಿಕಿತ್ಸೆಗೆ ನಾಲ್ಕು ವಾರ ಮೊದಲು ಬಿಟ್ಟರೆ ಗಾಯ ಬೇಗ ಮಾಯುತ್ತದೆ, ತೊಡಕುಗಳು ಕಡಿಮೆಯಾಗುತ್ತವೆ.

ಬಾಯಿಯ ವಿಷಯ

ಜಗಿಯುವ ತಂಬಾಕು ಎಲ್ಲಿ ಕುಳಿತಿರುತ್ತದೆಯೋ ಅಲ್ಲಿಯೇ ಮೊದಲ ಗಾಯ ಮಾಡುತ್ತದೆ. ಕೆನ್ನೆಯ ಒಳಭಾಗದಲ್ಲಿಯೋ ಕೆಳದುಟಿಯ ಸಂದಿಯಲ್ಲಿಯೋ ಉಜ್ಜಿದರೂ ಹೋಗದ ಬಿಳಿಯ ಮಚ್ಚೆ ಮೂಡಿ, ಅದು ದಪ್ಪವಾಗಿ, ಕೆಲವರಲ್ಲಿ ವರ್ಷಾಂತರದ ಮೇಲೆ ಕ್ಯಾನ್ಸರಾಗಿ ಪರಿಣಮಿಸುತ್ತದೆ. ನೋವಿಲ್ಲದ ಕಾರಣ ರೋಗಿ ಅದನ್ನು ಲಕ್ಷಿಸುವುದಿಲ್ಲ. ಈ ಬಿಳಿಮಚ್ಚೆಯ ಹಂತದಲ್ಲಿ ಬಿಟ್ಟರೆ ಏನಾಗುತ್ತದೆಂಬ ಪ್ರಶ್ನೆಗೆ ಲೋಕಕ್ಕೆ ಸ್ಪಷ್ಟವಾದ ಉತ್ತರ ದೊರೆತದ್ದು ಭಾರತದ ಹಳ್ಳಿಗಳಿಂದಲೇ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ದಂತವಿಜ್ಞಾನ ಘಟಕದವರು ಫಲಿ ಮೆಹತಾ, ಪ್ರಕಾಶ ಗುಪ್ತಾ ಮೊದಲಾದವರ ನೇತೃತ್ವದಲ್ಲಿ ಕೇರಳದ ಎರ್ನಾಕುಲಂ, ಆಂಧ್ರದ ಶ್ರೀಕಾಕುಲಂ, ಗುಜರಾತಿನ ಭಾವನಗರ ಜಿಲ್ಲೆಗಳ ಸುಮಾರು 36,000 ತಂಬಾಕು ಸೇವಕರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿ, ಬಿಡುವಂತೆ ವರ್ಷವರ್ಷವೂ ಬೋಧಿಸಿ, ಮತ್ತೆ ಮತ್ತೆ ಬಾಯಿ ನೋಡಿದರು. ಬಿಟ್ಟವರಲ್ಲಿಯೂ ಬಹುವಾಗಿ ತಗ್ಗಿಸಿದವರಲ್ಲಿಯೂ ಬಿಳಿಮಚ್ಚೆಯ ಹೊಸ ಪ್ರಕರಣಗಳು ಗಣನೀಯವಾಗಿ ಕಡಿಮೆಯಾದುವು. ಆಸ್ಪತ್ರೆಯ ಯಂತ್ರಗಳಿಲ್ಲದೆ, ಮನೆಯಂಗಳದಲ್ಲಿ ಕುಳಿತು ಆಡಿದ ಮಾತಿನಿಂದಲೇ ಇದು ಸಾಧ್ಯವಾಯಿತೆಂಬುದು ಗ್ರಾಮವೈದ್ಯರೂ ಆಶಾ ಕಾರ್ಯಕರ್ತೆಯರೂ ಸದಾ ನೆನಪಿಡಬೇಕಾದ ಸಂಗತಿ.

ಅಡಿಕೆ ಸೇರಿದ ಗುಟ್ಕಾ ಮಾವಾಗಳ ಕಥೆ ಇದಕ್ಕಿಂತ ಕಠೋರ. ಅಡಿಕೆಯ ಪ್ರಭಾವದಿಂದ ಕೆನ್ನೆಯ ಒಳಪದರಿನ ಕೆಳಗೆ ನಾರುಗಟ್ಟಿ, ಚರ್ಮ ಬಿಳಿಚಿ ಬಿಗಿಯಾಗಿ, ಬಾಯಿ ತೆರೆಯುವುದು ದಿನೇದಿನೇ ಕಡಿಮೆಯಾಗುತ್ತದೆ. ಖಾರ ತಾಗಿದರೆ ಉರಿ, ರೊಟ್ಟಿಯ ತುತ್ತು ಒಳಗೆ ಹೋಗದು. ದಂತವೈದ್ಯರು ಮಾಡುವ ಸುಲಭ ಪರೀಕ್ಷೆಯೆಂದರೆ, ತನ್ನವೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಸೇರಿಸಲು ರೋಗಿಗೆ ಹೇಳುವುದು. ಮೂರು ಹಿಡಿಸದೆ ಎರಡೋ ಒಂದೋ ಮಾತ್ರ ಹಿಡಿಸಿದರೆ ವ್ಯಾಧಿ ಮುಂದುವರಿದಿದೆಯೆಂದು ಅರ್ಥ. ಗಟ್ಟಿಯಾದ ನಾರು ಬಿಟ್ಟ ಮಾತ್ರಕ್ಕೆ ಕರಗಿಹೋಗುವುದಿಲ್ಲ. ಈ ವಿಷಯದಲ್ಲಿ ಹುಸಿ ಭರವಸೆ ಕೊಡುವುದು ಅನ್ಯಾಯ. ಆದರೆ ಬಿಟ್ಟರೆ ಬಿಗಿತ ಹೆಚ್ಚುತ್ತ ಹೋಗುವುದು ಸಾಮಾನ್ಯವಾಗಿ ನಿಲ್ಲುತ್ತದೆ, ಉರಿ ತಗ್ಗುತ್ತದೆ, ವ್ಯಾಯಾಮ ಚಿಕಿತ್ಸೆಗಳು ಫಲಿಸಲು ಅವಕಾಶವಾಗುತ್ತದೆ. ಅಡಿಕೆಯುಳ್ಳ ಪದಾರ್ಥಗಳನ್ನು, ತಂಬಾಕು ಸಹಿತವಾಗಲಿ ರಹಿತವಾಗಲಿ, ಬಿಟ್ಟರೆ ಬಾಯಿಯ ಕ್ಯಾನ್ಸರಿನ ಅಪಾಯ ಇಳಿಯುತ್ತದೆಂಬುದಕ್ಕೆ ಸಾಕಷ್ಟು ಪ್ರಮಾಣವಿದೆಯೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 2023ರ ತನ್ನ ಗ್ರಂಥದಲ್ಲಿ ನಿರ್ಣಯಿಸಿದೆ. ತಂಬಾಕು ಬಿಟ್ಟು ಬರಿಯ ಪಾನ್ ಮಸಾಲೆಗೆ ಬಂದವನು ಸುರಕ್ಷಿತನಾದನೆಂಬ ನಂಬಿಕೆ ಆದಕಾರಣ ನಿರಾಧಾರ.

ತಾಯಿ ಮತ್ತು ಶಿಶುವಿಗೆ ಸಂಬಂಧಿಸಿದ ಲಾಭವನ್ನು ಬೇರೆಯಾಗಿ ಹೇಳಬೇಕು. ಮುಂಬಯಿಯಲ್ಲಿ ಗರ್ಭಿಣಿಯರನ್ನು ಕುರಿತು ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಿಶ್ರಿಯೇ ಮೊದಲಾದ ಹೊಗೆರಹಿತ ತಂಬಾಕು ಬಳಸಿದವರ ಶಿಶುಗಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿದ್ದಿತು. ಅಕಾಲಪ್ರಸವವೂ ಹೆಚ್ಚು ಕಂಡುಬಂದಿತು. ಹಲ್ಲುತಿಕ್ಕುವ ಪುಡಿಯಿಂದ ಗರ್ಭಸ್ಥ ಶಿಶುವಿಗೆ ಹಾನಿಯೆಂಬುದನ್ನು ಮನೆಯ ಅತ್ತೆಯಂದಿರಿಗೆ ಮನವರಿಕೆ ಮಾಡಿಕೊಡುವುದು, ಗಂಡಸರಿಗೆ ಬೀಡಿಯ ವಿಷಯ ಹೇಳುವುದಕ್ಕಿಂತ ನಾಜೂಕಾದ ಕೆಲಸ. ಅದು ನಡೆದ ಮನೆಗಳಲ್ಲಿ ಮುಂದಿನ ತಲೆಮಾರೇ ಬೇರೆಯಾಗುತ್ತದೆ.

ಆಯುಷ್ಯದ ಲೆಕ್ಕ

ಬಿಟ್ಟರೆ ಎಷ್ಟು ವರ್ಷ ಉಳಿಯುತ್ತದೆಂಬುದನ್ನು ಅಳೆದವರು ಬ್ರಿಟನ್ನಿನ ರಿಚರ್ಡ್ ಡಾಲ್, ಬ್ರಾಡ್‌ಫರ್ಡ್ ಹಿಲ್ ಮತ್ತು ಅವರ ಅನುಯಾಯಿಗಳು. 1951ರಲ್ಲಿ ಆರಂಭಿಸಿ, ವೈದ್ಯವೃತ್ತಿಯ ಸಾವಿರಾರು ಗಂಡಸರ ಅಭ್ಯಾಸಗಳನ್ನೂ ಮರಣಗಳನ್ನೂ ಐವತ್ತು ವರ್ಷ ಅನುಸರಿಸಿ, 2004ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದು: ಜೀವನವಿಡೀ ಸಿಗರೇಟು ಸೇದಿದವರು ಸರಾಸರಿ ಹತ್ತು ವರ್ಷ ಮೊದಲೇ ಸತ್ತರು; ಅರವತ್ತರಲ್ಲಿ ಬಿಟ್ಟವರು ಅದರಲ್ಲಿ ಮೂರು ವರ್ಷಗಳನ್ನೂ, ಐವತ್ತರಲ್ಲಿ ಬಿಟ್ಟವರು ಆರನ್ನೂ, ನಲವತ್ತರಲ್ಲಿ ಬಿಟ್ಟವರು ಒಂಬತ್ತನ್ನೂ ಮರಳಿ ಪಡೆದರು; ಮೂವತ್ತರಲ್ಲಿ ಬಿಟ್ಟವರಿಗೆ ಹೆಚ್ಚುಕಡಿಮೆ ಏನೂ ನಷ್ಟವಾಗಲಿಲ್ಲ. ಬೀಡಿ ಹಗುರ, ಅದರಲ್ಲಿ ತಂಬಾಕು ಕಡಿಮೆ, ಅದು ಬಡವನನ್ನು ಕೊಲ್ಲುವುದಿಲ್ಲ ಎಂಬ ನಂಬಿಕೆಯನ್ನು 2008ರ ಭಾರತೀಯ ಅಧ್ಯಯನ ಅಳಿಸಿಹಾಕಿತು. ಬೀಡಿ ಸೇದುವ ಗಂಡಸರು ಸುಮಾರು ಆರು ವರ್ಷವನ್ನೂ, ಬೀಡಿ ಸೇದುವ ಹೆಂಗಸರು ಎಂಟು ವರ್ಷವನ್ನೂ, ಸಿಗರೇಟಿನ ಗಂಡಸರು ಹತ್ತು ವರ್ಷವನ್ನೂ ಕಳೆದುಕೊಳ್ಳುತ್ತಾರೆಂದು ಅದು ಗಣಿಸಿತು. ಅರವತ್ತರಲ್ಲಿ ಮೂರು ವರ್ಷವೆಂದರೆ ಅಲ್ಪವೆಂದು ತೋರಬಹುದು. ಮೊಮ್ಮಗಳ ಮದುವೆಯನ್ನು ಕಾಣಬೇಕೆಂದು ಹಂಬಲಿಸುವ ಅಜ್ಜನಿಗೆ ಅದು ಅಲ್ಪವಲ್ಲ.

ಪ್ರಮಾಣ ತಗ್ಗಿಸಿದರೆ ಸಾಲದೆ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಹೃದಯಕ್ಕೆ ದಿನಕ್ಕೊಂದೇ ಸಿಗರೇಟು ಸಹ ಗಣನೀಯ ಅಪಾಯ. ಮೇಲಾಗಿ ತಗ್ಗಿಸಿದವನು ಪ್ರತಿಯೊಂದನ್ನೂ ಹೆಚ್ಚು ಆಳವಾಗಿ ಎಳೆಯುತ್ತಾನೆ. ತಗ್ಗಿಸುವುದು ಬಿಡುವುದರ ಮೆಟ್ಟಿಲಾದರೆ ಒಳ್ಳೆಯದು, ಬಿಡದಿರುವುದಕ್ಕೆ ನೆಪವಾದರೆ ವ್ಯರ್ಥ. ವಿದ್ಯುನ್ಮಾನ ಸಿಗರೇಟುಗಳನ್ನು ಭಾರತ 2019ರಲ್ಲಿಯೇ ನಿಷೇಧಿಸಿರುವುದರಿಂದ ಅವುಗಳನ್ನು ಕುರಿತ ಚರ್ಚೆ ಇಲ್ಲಿ ಅನಗತ್ಯ.

ಬಿಡುವ ಕಷ್ಟ, ದೊರೆಯುವ ನೆರವು

ನಿಕೋಟಿನ್ ಹೊಗೆಯ ಮೂಲಕ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿದು, ಈ ಕಡೆಯ ಜನರು ತಲಬು ಎನ್ನುವ ಬಯಕೆ ಮತ್ತೆ ಏಳುತ್ತದೆ. ಬಿಟ್ಟ ಎರಡು ಮೂರನೆಯ ದಿನ ಸಿಡುಕು, ಚಡಪಡಿಕೆ, ನಿದ್ರಾಭಂಗ, ಏಕಾಗ್ರತೆಯ ಕೊರತೆ ಪರಾಕಾಷ್ಠೆಗೆ ಮುಟ್ಟಿ, ಎರಡರಿಂದ ನಾಲ್ಕು ವಾರಗಳಲ್ಲಿ ಶಮನವಾಗುತ್ತವೆ. ಮುಂಜಾನೆ ತಂಬಾಕಿಲ್ಲದೆ ಹೊಟ್ಟೆ ಸರಿಯಾಗುವುದಿಲ್ಲವೆಂಬ ದೂರು ಸತ್ಯವೇ. ಮಲಬದ್ಧತೆ ವರ್ಜನದ ಒಂದು ಲಕ್ಷಣ, ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ. ಹಸಿವು ಹೆಚ್ಚಿ ತೂಕ ನಾಲ್ಕೈದು ಕಿಲೋ ಏರಬಹುದು. ಆ ಏರಿಕೆಯ ಹಾನಿ ಬಿಟ್ಟ ಲಾಭದ ಮುಂದೆ ಗಣನೆಗೆ ಬಾರದು. ತಂಬಾಕು ಮನಸ್ಸಿಗೆ ನೆಮ್ಮದಿ ಕೊಡುತ್ತದೆಂಬುದು ಸಾಮಾನ್ಯರ ದೃಢವಾದ ಅನುಭವ. ವಾಸ್ತವದಲ್ಲಿ ಅದು ತಾನೇ ಎಬ್ಬಿಸಿದ ಅಶಾಂತಿಯನ್ನು ತಾನೇ ಅರೆಗಳಿಗೆ ಅಡಗಿಸುತ್ತದೆ. ಬಿಟ್ಟು ಕೆಲವು ತಿಂಗಳು ಕಳೆದವರಲ್ಲಿ ಆತಂಕ, ಖಿನ್ನತೆಗಳು ಮೊದಲಿಗಿಂತ ಕಡಿಮೆಯಾಗಿರುವುದನ್ನು ಅಧ್ಯಯನಗಳು ಕಂಡಿವೆ.

ನೆರವಿನ ಸಾಧನಗಳು ಇಂದು ಸಾಕಷ್ಟಿವೆ. ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಂ ಪ್ರಮಾಣದಲ್ಲಿ ಔಷಧದಂಗಡಿಗಳಲ್ಲಿ ದೊರೆಯುತ್ತದೆ. ಅದನ್ನು ಚೂಯಿಂಗ್ ಗಮ್ಮಿನಂತೆ ಸತತವಾಗಿ ಜಗಿಯದೆ, ಸ್ವಲ್ಪ ಜಗಿದು ಚುರುಚುರು ಎಂದೊಡನೆ ಕೆನ್ನೆಯ ಮೂಲೆಯಲ್ಲಿಟ್ಟುಕೊಳ್ಳಬೇಕು. ಚರ್ಮಕ್ಕೆ ಅಂಟಿಸುವ ಪಟ್ಟಿ, ವೈದ್ಯರ ಸಲಹೆಯ ಮೇರೆಗೆ ಬುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆಗಳು ಸಹ ಉಂಟು; ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರಡಿಸಿದ ಚಿಕಿತ್ಸಾ ಮಾರ್ಗದರ್ಶಿ ಇವನ್ನು ಸಲಹೆಯೊಡನೆ ಸೇರಿಸಿ ಬಳಸಬೇಕೆಂದು ಹೇಳಿದೆ. 2002ರಲ್ಲಿ ದೇಶದಲ್ಲಿ ಸ್ಥಾಪಿತವಾದ ಹದಿಮೂರು ತಂಬಾಕು ವರ್ಜನ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿ ಸಂಸ್ಥೆಗಳ ಕೇಂದ್ರಗಳೂ ಸೇರಿದ್ದುವು. ಪ್ರತಿಯೊಂದು ಪೊಟ್ಟಣದ ಮೇಲೂ ಅಚ್ಚಾಗುವ 1800-11-2356 ಎಂಬ ಶುಲ್ಕರಹಿತ ದೂರವಾಣಿಯಲ್ಲಿ ಕನ್ನಡದಲ್ಲಿ ಸಲಹೆ ಪಡೆಯಬಹುದು. ಚಚಡಿಯವರಿಗೆ ಸಮೀಪದಲ್ಲಿ ಬೆಳಗಾವಿ, ಧಾರವಾಡಗಳ ವೈದ್ಯ ಮತ್ತು ದಂತವೈದ್ಯ ಕಾಲೇಜುಗಳಿವೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಸಂಸ್ಥೆಯಿದೆ, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಒಂದೆರಡು ಬಾರಿ ಬಿಟ್ಟು ಮತ್ತೆ ಹಿಡಿದವನು ತಾನು ಸೋತವನೆಂದು ತಿಳಿಯಬೇಕಾಗಿಲ್ಲ; ಕೊನೆಗೆ ಬಿಟ್ಟವರಲ್ಲಿ ಬಹುಪಾಲು ಜನ ಹಲವು ಪ್ರಯತ್ನಗಳ ತರುವಾಯ ಬಿಟ್ಟವರೇ.

ಮಹಾಂತ ಜೋಳಿಗೆ

ಔಷಧಿಗಳ ಮಾತು ಹಳ್ಳಿಗೆ ಬರುವುದಕ್ಕೆ ಮೊದಲೇ ಈ ನಾಡಿನಲ್ಲಿ ವರ್ಜನದ ಒಂದು ದೇಶೀಯ ಕ್ರಮ ಹುಟ್ಟಿತ್ತು. ಚಿತ್ತರಗಿ ಇಳಕಲ್ಲ ವಿಜಯ ಮಹಾಂತೇಶ ಸಂಸ್ಥಾನಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆಯೆಂಬುದೇ ಅದು. ಜಂಗಮನ ಜೋಳಿಗೆಗೆ ಜೋಳವನ್ನೋ ಕಾಸನ್ನೋ ನೀಡುವುದು ಶರಣ ಪರಂಪರೆಯ ಮನೆಗಳಲ್ಲಿ ನಡೆದುಬಂದ ಧರ್ಮ. ಸ್ವಾಮಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು, ಓಣಿ ಓಣಿ ತಿರುಗಿ, ಕಾಳುಕಡಿ ಹಣ ಬೇಡದೆ, ಮನೆಯವರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಸೆರೆ ಕುಡಿಯುವವನು ಕುಡಿತವನ್ನೂ, ಬೀಡಿಯವನು ಬೀಡಿಯ ಕಟ್ಟನ್ನೂ, ಗುಟ್ಕಾದವನು ಜೇಬಿನ ಪೊಟ್ಟಣವನ್ನೂ ಹಾಕಿ ಇನ್ನು ಮುಟ್ಟುವುದಿಲ್ಲವೆಂದು ವಚನ ಕೊಡಬೇಕು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತ ಬಂದಿದೆ.

ಈ ಕ್ರಮದ ಶಕ್ತಿ ಎಲ್ಲಿದೆಯೆಂಬುದನ್ನು ವಿಚಾರಿಸುವುದು ಯೋಗ್ಯ. ತಂಬಾಕು ನಮ್ಮಲ್ಲಿ ಸಲಿಗೆಯ, ಉಪಚಾರದ ವಸ್ತುವಾಗಿರುವುದರಿಂದ, ಒಬ್ಬನೇ ಗುಟ್ಟಾಗಿ ಬಿಟ್ಟವನು ಮರುದಿನವೇ ಕಟ್ಟೆಯ ಮೇಲೆ ಗೆಳೆಯನ ಚಾಚಿದ ಅಂಗೈಯನ್ನು ಎದುರಿಸಬೇಕಾಗುತ್ತದೆ. ಊರವರೆಲ್ಲರ ಎದುರಿಗೆ ಗುರುವಿನ ಜೋಳಿಗೆಗೆ ಹಾಕಿದವನ ಮುಂದೆ ಆ ಅಂಗೈ ಚಾಚುವುದಕ್ಕೆ ಗೆಳೆಯನೇ ಹಿಂಜರಿಯುತ್ತಾನೆ. ಬಿಡುವ ದಿನವನ್ನು ಗೊತ್ತುಪಡಿಸಿ ಬಂಧುಮಿತ್ರರಿಗೆ ತಿಳಿಸಬೇಕೆಂದು ಇಂದಿನ ಸಲಹಾಶಾಸ್ತ್ರ ಹೇಳುವುದನ್ನೇ ಜೋಳಿಗೆ ತನ್ನ ಭಾಷೆಯಲ್ಲಿ ಮಾಡಿತ್ತು. ಕೊರತೆಯಿದ್ದುದು ಮುಂದಿನ ವಾರಗಳ ಆಸರೆಯಲ್ಲಿ: ವಚನ ಕೊಟ್ಟವನಿಗೆ ಮೂರನೆಯ ದಿನದ ಸಂಕಟ ಬಂದಾಗ ಗಮ್ಮು, ಮಾತ್ರೆ, ಸಲಹೆಗಾರರು ಹತ್ತಿರವಿರಲಿಲ್ಲ. ಮಠದ ಮಾತೂ ಆರೋಗ್ಯಕೇಂದ್ರದ ಮದ್ದೂ ಒಂದೇ ಊರಿನಲ್ಲಿ ಒಂದೇ ವಾರದಲ್ಲಿ ಕೂಡಿದರೆ ಆಗುವ ಫಲ ಬೇರೆ ಬೇರೆಯಾದ ಎರಡರಿಂದ ಆಗಲಾರದೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. 1924ರ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ, 1937ರಲ್ಲಿ ಇದೇ ಜಿಲ್ಲೆಯ ಹುದಲಿಯಲ್ಲಿ ತಂಗಿದ್ದ ಗಾಂಧೀಜಿಯವರೂ ಬಾಲ್ಯದಲ್ಲಿ ಬೀಡಿಗಾಗಿ ಆಳಿನ ಕಾಸು ಕದ್ದುದನ್ನು ಆತ್ಮಕಥೆಯಲ್ಲಿ ಬಹಿರಂಗವಾಗಿ ಹೇಳಿಕೊಂಡವರು. ಹತ್ತು ಜನರ ಮುಂದೆ ಹೇಳಿ ಬಿಡುವ ಈ ಮಾರ್ಗ ನಮ್ಮ ಜನಕ್ಕೆ ಅಪರಿಚಿತವಲ್ಲ.

ಕಾನೂನಿನ ನೆರವೂ ಕ್ರಮೇಣ ಬಂದಿದೆ. ತಂಬಾಕು ನಿಯಂತ್ರಣದ 2003ರ ಕೇಂದ್ರ ಶಾಸನ, 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ಸಾರ್ವಜನಿಕ ಸ್ಥಳಗಳ ಧೂಮಪಾನ ನಿಷೇಧ, 2013ರಲ್ಲಿ ಕರ್ನಾಟಕದ ಗುಟ್ಕಾ ನಿಷೇಧ, 2016ರಿಂದ ಪೊಟ್ಟಣದ ಶೇಕಡಾ 85 ಭಾಗವನ್ನು ಆವರಿಸುವ ಎಚ್ಚರಿಕೆ, ಮಾರಾಟದ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿ ರಾಜ್ಯದ ಶಾಸನಸಭೆ 2024ರಲ್ಲಿ ಅಂಗೀಕರಿಸಿದ ತಿದ್ದುಪಡಿ ಮುಖ್ಯವಾದುವು. ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆ ಮತ್ತು ತಂಬಾಕನ್ನು ಎರಡು ಪ್ರತ್ಯೇಕ ಪೊಟ್ಟಣಗಳಲ್ಲಿ ಮಾರುವ, ಕೊಂಡವನೇ ಬೆರೆಸಿಕೊಳ್ಳುವ ಪದ್ಧತಿ ಬಂದು, ಶಾಸನದ ಉದ್ದೇಶ ಬಹುಮಟ್ಟಿಗೆ ಭಗ್ನವಾಯಿತೆಂಬುದು ವಿಷಾದದ ಸಂಗತಿ.

ಬೆಳೆಯುವವರು, ದುಡಿಯುವವರು

ಸೇವಿಸುವವರು ಬಿಟ್ಟರೆ ಬೆಳೆಯುವವರ ಗತಿಯೇನೆಂಬ ಪ್ರಶ್ನೆಯನ್ನು ಬೆಳಗಾವಿ ಜಿಲ್ಲೆಯಲ್ಲಿ ಯಾರೂ ತಳ್ಳಿಹಾಕಲಾರರು. ನಿಪ್ಪಾಣಿಯ ರೈತರು ನ್ಯಾಯವಾದ ಬೆಲೆಗಾಗಿ 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ರಾಷ್ಟ್ರೀಯ ಹೆದ್ದಾರಿಯಲ್ಲಿ ಬೀಡುಬಿಟ್ಟು ಚಳವಳಿ ಹೂಡಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ಅದೇ ಊರಿನ ವಖಾರಿಗಳಲ್ಲಿ ತಂಬಾಕನ್ನು ಕುಟ್ಟಿ, ಜರಡಿ ಹಿಡಿದು, ದಿನವಿಡೀ ಧೂಳು ಕುಡಿಯುತ್ತಿದ್ದ ಹೆಂಗಸರು ಸಂಘ ಕಟ್ಟಿ ಮುಷ್ಕರ ಹೂಡಿದ ಕಥೆಯನ್ನು 1982ರಲ್ಲಿ ಯುಗಾಂತರ ತಂಡದವರು ಸಾಕ್ಷ್ಯಚಿತ್ರವಾಗಿ ತೆಗೆದರು. ಒಂದು ಬೀಡಿಯನ್ನೂ ಸೇದದೆ ತಂಬಾಕಿನ ಹಾನಿಯನ್ನು ಉಂಡವರು ಇವರು. ಹಸಿ ಎಲೆಯನ್ನು ಕೀಳುವವರ ಚರ್ಮದ ಮೂಲಕ ನಿಕೋಟಿನ್ ಒಳಹೊಕ್ಕು ತಲೆಸುತ್ತು, ವಾಂತಿ, ನಿಶ್ಶಕ್ತಿಗಳು ಕಾಣುವುದೂ ವೈದ್ಯರಿಗೆ ವಿದಿತವಾದ ವಿಷಯ. ಆದ್ದರಿಂದ ವರ್ಜನದಿಂದ ರೈತನಿಗೂ ಕೂಲಿಕಾರ್ತಿಗೂ ಕೇವಲ ನಷ್ಟವೆಂದು ಭಾವಿಸುವುದು ಸರಿಯಲ್ಲ.

ಬೆಳೆ ಬದಲಾಗದ ವಸ್ತುವೇನೂ ಅಲ್ಲ. ನೀರಾವರಿ ಬಂದೆಡೆ ನಿಪ್ಪಾಣಿ, ಚಿಕ್ಕೋಡಿ ಭಾಗದ ರೈತರು ಕಬ್ಬಿಗೂ, ಮಳೆಯಾಶ್ರಯದ ಹೊಲಗಳಲ್ಲಿ ಸೋಯಾ ಅವರೆಗೂ ತಿರುಗಿದ್ದಾರೆ. ಭಾರತವು 2004ರ ಫೆಬ್ರುವರಿಯಲ್ಲಿ ಸ್ಥಿರೀಕರಿಸಿದ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದದ ಹದಿನೇಳನೆಯ ವಿಧಿ, ತಂಬಾಕು ಬೆಳೆಗಾರರಿಗೂ ಕಾರ್ಮಿಕರಿಗೂ ಜೀವನೋಪಾಯದ ಪರ್ಯಾಯಗಳನ್ನು ಉತ್ತೇಜಿಸುವ ಹೊಣೆಯನ್ನು ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳ ಮೇಲೆ ಹೊರಿಸಿದೆ. ಚಚಡಿಯ ಅಜ್ಜ ಚಂಚಿಯ ಒಂದು ಗೂಡನ್ನು ಬರಿದು ಮಾಡಿಕೊಳ್ಳುವ ವೇಗಕ್ಕೆ ಸರಿಯಾಗಿ ನಿಪ್ಪಾಣಿಯ ಹೊಲದಲ್ಲಿ ಬೇರೆ ಬೆಳೆಗೆ ಬೀಜ, ಸಾಲ, ಪೇಟೆ ದೊರಕಿಸುವುದು ಆ ವಿಧಿಯ ಅನುಸಾರ ಸರ್ಕಾರದ ಹೊಣೆ.